ಹಿಂತಿರುಗದ ವಿಮಾನಗಳೂ ಅವುಗಳಲ್ಲಿದ್ದವರ ಗತಿಯೂ

ಎರಡನೆಯ ಮಹಾಯುದ್ಧದ ಇತಿಹಾಸವನ್ನು ಓದುವವರು ಮೇಲಿಂದ ಮೇಲೆ ಒಂದು ಮಾತನ್ನು ಕಾಣುವರು: ಇಂಥ ರಾತ್ರಿ ಇಷ್ಟು ಬಾಂಬರು ವಿಮಾನಗಳು ಹೋದವು, ಅವುಗಳಲ್ಲಿ ಇಷ್ಟು ಹಿಂತಿರುಗಲಿಲ್ಲ. ಮಾತು ಚಿಕ್ಕದು, ಓದಿ ಪುಟ ತಿರುವಿಹಾಕುವದು ಸುಲಭ. ಆದರೆ ದೊಡ್ಡ ಬಾಂಬರು ಒಂದರಲ್ಲಿ ಏಳರಿಂದ ಹತ್ತು ಮಂದಿ ತರುಣರಿರುತ್ತಿದ್ದರು. ಆದಕಾರಣ ಒಂದು ವಿಮಾನವು ಹಿಂತಿರುಗಲಿಲ್ಲವೆಂದರೆ ಏಳೆಂಟು ಮನೆಗಳ ಬಾಗಿಲಿಗೆ ಒಂದೇ ದಿನ ತಾರು ಬಂದಿತೆಂದು ತಿಳಿಯಬೇಕು. ಆ ತಾರು ಪಡೆದ ತಾಯಂದಿರಿಗೂ ಹೆಂಡಂದಿರಿಗೂ ಮುಂದೆ ಏನು ತಿಳಿಯಿತು, ಎಷ್ಟು ವರುಷಗಳ ಮೇಲೆ ತಿಳಿಯಿತು, ಎಷ್ಟೋ ಜನರಿಗೆ ಏಕೆ ತಿಳಿಯಲೇ ಇಲ್ಲ ಎಂಬದನ್ನು ವಿವರಿಸುವದೇ ಈ ಲೇಖನದ ಉದ್ದೇಶ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳ ಕಡೆಯ ನಮಗೆ ಇದು ದೂರದ ಸಂಗತಿಯೆಂದು ತೋರಬಹುದು. ಆದರೆ ಇದರ ಒಂದು ಭಾಗವು ಬೆಂಗಳೂರು, ಕೋಲಾರ, ಕೊಡಗುಗಳಿಗೆ ಸೇರಿದ್ದಾಗಿದೆ. ಮತ್ತು ಕಾಣೆಯಾದ ಮಗನ ದಾರಿ ನೋಡುವ ತಾಯಿಯ ಸಂಕಟಕ್ಕೆ ದೇಶಭೇದವಿಲ್ಲ.

ಮೊದಲು ಬಾಂಬರು ವಿಮಾನದೊಳಗೆ ಯಾರಾರು ಇರುತ್ತಿದ್ದರೆಂಬದನ್ನು ತಿಳಿಯೋಣ. ಇಂಗ್ಲಂಡದ ಪ್ರಸಿದ್ಧ ಬಾಂಬರಾದ ಲ್ಯಾಂಕಾಸ್ಟರಿನಲ್ಲಿ ಏಳು ಜನರು. ವಿಮಾನ ನಡಿಸುವ ಚಾಲಕನು ಒಬ್ಬ, ನಾಲ್ಕು ಇಂಜಿನುಗಳ ಮೇಲೆ ಕಣ್ಣಿಡುವ ಇಂಜಿನಿಯರನು ಒಬ್ಬ, ನಕಾಶೆಯನ್ನು ಮುಂದಿಟ್ಟುಕೊಂಡು ದಾರಿಯ ಲೆಕ್ಕ ಹಾಕುವವನು ಒಬ್ಬ, ಮೂತಿಯಲ್ಲಿ ಬೋರಲು ಮಲಗಿ ಗುರಿ ನೋಡಿ ಬಾಂಬು ಬಿಡುವವನು ಒಬ್ಬ, ವಾಯರ್ಲೆಸ್ಸಿನವನು ಒಬ್ಬ, ವೈರಿಯ ವಿಮಾನಗಳನ್ನು ಎದುರಿಸಲು ಮಶೀನುಗನ್ನು ಹಿಡಿದವರು ಇಬ್ಬರು, ಒಬ್ಬನು ವಿಮಾನದ ಬೆನ್ನಿನ ಮೇಲೆ, ಇನ್ನೊಬ್ಬನು ಬಾಲದ ತುದಿಯಲ್ಲಿ. ಬಾಲದವನು ತಾಸುಗಟ್ಟಲೆ ಕೊರೆಯುವ ಚಳಿಯಲ್ಲಿ ಒಂಟಿಯಾಗಿ ಕುಳಿತಿರಬೇಕು. ಅಮೇರಿಕೆಯ ಲಿಬರೇಟರ್ ಎಂಬ ಬಾಂಬರಿನಲ್ಲಿ ಎಂಟು ಹತ್ತು ಜನರಿರುತ್ತಿದ್ದರು. ಇವರಲ್ಲಿ ಹೆಚ್ಚಿನವರು ಇಪ್ಪತ್ತರ ಆಚೆ ಈಚೆಯವರು. ಕಾಲೇಜು ಬಿಟ್ಟವರು, ಕಾರಕೂನರು, ಒಕ್ಕಲಿಗರ ಮಕ್ಕಳು. ಬ್ರಿಟಿಶ್ ಬಾಂಬರು ದಳದ ವೈಮಾನಿಕರೆಲ್ಲರೂ ತಾವಾಗಿಯೇ ಮುಂದೆ ಬಂದು ಸೇರಿದವರು.

ಆ ದಳದಲ್ಲಿ ಯುದ್ಧದ ಕಾಲದಲ್ಲೆಲ್ಲ ಸುಮಾರು ೧,೨೫,೦೦೦ ವೈಮಾನಿಕರು ಸೇವೆಮಾಡಿದರು. ಅವರಲ್ಲಿ ಮಡಿದವರು ೫೫,೫೭೩, ಗಾಯಗೊಂಡವರು ೮,೪೦೩, ವೈರಿಯ ಕೈಗೆ ಸಿಕ್ಕು ಸೆರೆಯಾಳಾದವರು ೯,೮೩೮. ಅಂದರೆ ನೂರಕ್ಕೆ ನಾಲ್ವತ್ತನಾಲ್ಕು ಜನರು ಸತ್ತರು. ೧೯೪೪ನೆಯ ಮಾರ್ಚ್ ೩೦ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗಿನ ಮೇಲೆ ಹೊರಟ ೭೯೫ ವಿಮಾನಗಳಲ್ಲಿ ೯೫ ಹಿಂತಿರುಗಲಿಲ್ಲ. ಒಬ್ಬ ವೈಮಾನಿಕನು ಮೂವತ್ತು ಸಲ ಹೋಗಿ ಬಂದರೆ ಅವನಿಗೆ ಕೆಲವು ತಿಂಗಳ ವಿಶ್ರಾಂತಿ ದೊರೆಯುತ್ತಿತ್ತು. ಆ ಮೂವತ್ತನ್ನು ಮುಟ್ಟದೆ ಹೋದವರೇ ಬಹಳ.

ಹೊಡೆತ ತಿಂದ ವಿಮಾನದಿಂದ ಜೀವವುಳಿಸಿಕೊಳ್ಳಲು ಇದ್ದ ಉಪಾಯವು ಪ್ಯಾರಾಶೂಟು. ಇಳಕಲ್ಲಿನ ಸೀರೆಯ ಸೆರಗನ್ನು ನೇಯುವ ಮನೆತನದವರಿಗೆ ರೇಶ್ಮೆಯ ಗುಣವನ್ನು ನಾನು ಹೇಳಬೇಕಾಗಿಲ್ಲ. ಎಳೆ ಸಣ್ಣದು, ತೂಕ ಕಡಿಮೆ, ಬಲ ಬಹಳ. ಮಡಿಚಿದರೆ ಅಂಗೈಯಗಲದಲ್ಲಿ ಅಡಗುವದು. ಈ ಗುಣಗಳಿಗಾಗಿಯೇ ಮೊದಲಿಗೆ ಪ್ಯಾರಾಶೂಟುಗಳನ್ನು ರೇಶ್ಮೆಯಿಂದ ಮಾಡಿದರು. ಜಪಾನದೊಡನೆ ಯುದ್ಧ ಹತ್ತಿ ಅಲ್ಲಿಯ ರೇಶ್ಮೆ ನಿಂತುಹೋದ ಮೇಲೆ ನಾಯ್ಲಾನಿನ ಬಳಕೆ ಬೆಳೆಯಿತು. ವೈಮಾನಿಕರ ಜೇಬಿನಲ್ಲಿ ರೇಶ್ಮೆಯ ಮೇಲೆ ಅಚ್ಚುಮಾಡಿದ ನಕಾಶೆಯೂ ಇರುತ್ತಿತ್ತು; ಅದು ನೀರಿಗೆ ಹಾಳಾಗದು, ಮಡಿಚುವಾಗ ಸಪ್ಪಳಮಾಡದು. ಬರ್ಮಾದ ಕಡೆಗೆ ಹಾರುವವರಿಗೆ ಬೇರೆ ಬೇರೆ ಭಾಷೆಗಳಲ್ಲಿ ಬರೆದ ಒಂದು ಚೀಟಿಯನ್ನೂ ಕೊಡುತ್ತಿದ್ದರು. ಇವನಿಗೆ ಸಹಾಯಮಾಡಿ ಸುರಕ್ಷಿತವಾಗಿ ಮುಟ್ಟಿಸಿದವರಿಗೆ ಬಹುಮಾನ ಸಿಗುವದೆಂದು ಅದರಲ್ಲಿ ಬರೆದಿರುತ್ತಿತ್ತು.

ಪ್ಯಾರಾಶೂಟು ಇದ್ದರೂ ಹೊರಗೆ ಬೀಳಲು ದಾರಿ ಬೇಕಲ್ಲವೇ? ಇಲ್ಲಿ ಎರಡು ಅಂಗುಲದ ಕಥೆಯೊಂದನ್ನು ಹೇಳಬೇಕಾಗಿದೆ. ಫ್ರೀಮನ್ ಡೈಸನ್ ಎಂಬವರು ಮುಂದೆ ಜಗತ್ಪ್ರಸಿದ್ಧ ವಿಜ್ಞಾನಿಯಾದರು. ಯುದ್ಧಕಾಲದಲ್ಲಿ ಅವರು ಬಾಂಬರು ದಳದ ಕಚೇರಿಯಲ್ಲಿ ಅಂಕಿಗಳ ಲೆಕ್ಕ ಮಾಡುವ ತರುಣರಾಗಿದ್ದರು. ಬಿದ್ದ ವಿಮಾನಗಳಿಂದ ಎಷ್ಟು ಜನರು ಬದುಕಿದರೆಂದು ಅವರು ಎಣಿಸಿದರು. ಅವರ ಲೆಕ್ಕದಂತೆ ಹಗಲು ಹಾರುವ ಅಮೇರಿಕೆಯ ಬಾಂಬರುಗಳಿಂದ ನೂರಕ್ಕೆ ಐವತ್ತು, ಬ್ರಿಟಿಶರ ಹ್ಯಾಲಿಫ್ಯಾಕ್ಸ್ ಮೊದಲಾದ ಹಳೆಯ ಬಾಂಬರುಗಳಿಂದ ಇಪ್ಪತ್ತೈದು, ಲ್ಯಾಂಕಾಸ್ಟರಿನಿಂದ ಹದಿನೈದೇ ಜನರು ಪಾರಾಗುತ್ತಿದ್ದರು. ಲ್ಯಾಂಕಾಸ್ಟರು ಉಳಿದವುಗಳಿಗಿಂತ ಉತ್ತಮ ವಿಮಾನವೆಂದು ಹೆಸರಾದದ್ದು. ಆದರೆ ಅದರಿಂದ ಧುಮುಕುವ ಕಿಂಡಿಯ ಅಗಲ ೨೨ ಅಂಗುಲ, ಹ್ಯಾಲಿಫ್ಯಾಕ್ಸಿನದು ೨೪ ಅಂಗುಲ. ದಪ್ಪ ಉಡುಪು ತೊಟ್ಟು, ಪ್ಯಾರಾಶೂಟು ಕಟ್ಟಿಕೊಂಡ ತರುಣನು ಕತ್ತಲೆಯಲ್ಲಿ, ಉರಿಯುತ್ತ ತಿರುಗುತ್ತ ಬೀಳುವ ವಿಮಾನದಲ್ಲಿ ಆ ಕಿಂಡಿಯನ್ನು ಹುಡುಕಿ ನುಸುಳಬೇಕು. ಕಿಂಡಿಯನ್ನು ಅಗಲಮಾಡಬೇಕೆಂದು ಡೈಸನರ ಸಹೋದ್ಯೋಗಿಯೊಬ್ಬರು ಎರಡು ವರುಷ ಹೆಣಗಿದರೂ ಅದು ಯುದ್ಧ ಮುಗಿಯುವವರೆಗೆ ಕೈಗೂಡಲಿಲ್ಲ. ಗಣಿತವೆಂದರೆ ಹೆಣ್ಣುಮಕ್ಕಳಿಗೆ ಏತಕ್ಕೆಂದು ಕೇಳುವ ಪಾಲಕರು ಇನ್ನೂ ಇರುವದರಿಂದ ಇದನ್ನು ಬರೆದೆನು. ಒಂದು ಅಳತೆಪಟ್ಟಿಯೂ ಶೇಕಡಾ ಲೆಕ್ಕವೂ ಸಾವಿರಾರು ಜೀವಗಳನ್ನು ಉಳಿಸಬಲ್ಲವು. ಅಧಿಕಾರದಲ್ಲಿದ್ದವರು ಆ ಲೆಕ್ಕಕ್ಕೆ ಕಿವಿಗೊಡಬೇಕು, ಅಷ್ಟೆ.

ಇನ್ನು ಮನೆಗೆ ಬರುವ ತಾರಿನ ವಿಚಾರ. ವಿಮಾನವು ಹಿಂತಿರುಗದಿದ್ದ ದಿನ ಅದರಲ್ಲಿದ್ದವರು ಸತ್ತರೋ, ಸೆರೆಸಿಕ್ಕರೋ, ಎಲ್ಲಿಯಾದರೂ ಅಡಗಿರುವರೋ ಯಾರಿಗೂ ತಿಳಿಯದು. ಆದಕಾರಣ ತಾರಿನಲ್ಲಿ ಬರುವ ಶಬ್ದವು "ಪತ್ತೆಯಿಲ್ಲ" ಎಂಬದೊಂದೇ. ಕೆಲವು ವಾರಗಳೊಳಗೆ ಜಿನೀವಾದ ರೆಡ್‌ಕ್ರಾಸ್ ಸಂಸ್ಥೆಯ ಮುಖಾಂತರ ಸೆರೆಯಾಳಿನ ಹೆಸರು ಬಂದರೆ ಆ ಮನೆಯವರ ಪುಣ್ಯ. ಸುಮಾರು ಆರು ತಿಂಗಳಾದರೂ ಸುದ್ದಿ ಬಾರದಿದ್ದರೆ ಆತನು ಮೃತನೆಂದು ಸರಕಾರವು ಭಾವಿಸಿ ಪತ್ರ ಕಳಿಸುತ್ತಿತ್ತು. ಸತ್ತನೆಂಬ ಸುದ್ದಿಯು ಕಠಿಣವಾದರೂ ಅದಕ್ಕೊಂದು ಕೊನೆಯುಂಟು. ಅತ್ತು, ಸಂಸ್ಕಾರ ಮಾಡಿ, ಉಳಿದ ಮಕ್ಕಳನ್ನು ನೋಡಿಕೊಳ್ಳಬಹುದು. ಪತ್ತೆಯಿಲ್ಲವೆಂಬ ಸುದ್ದಿಗೆ ಕೊನೆಯೇ ಇಲ್ಲ. ಹೆಂಡತಿಯು ತಾನು ಮುತ್ತೈದೆಯೋ ವಿಧವೆಯೋ ಎಂದು ತಿಳಿಯದೆ ದಿನ ಕಳೆಯಬೇಕಾಗುತ್ತದೆ.

ಹೀಗೆ ಕಾಣೆಯಾದವರಲ್ಲಿ ಒಬ್ಬ ಹೆಣ್ಣುಮಗಳ ಹೆಸರನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರಬೇಕು. ಏಮಿ ಜಾನ್ಸನ್ ಎಂಬವಳು ೧೯೩೦ರಲ್ಲಿ ಇಂಗ್ಲಂಡದಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ಹಾರಿಹೋದ ಪ್ರಥಮ ಮಹಿಳೆ; ಆ ದಾರಿಯಲ್ಲಿ ನಮ್ಮ ದೇಶದ ಝಾಂಶಿಯಲ್ಲಿಯೂ ಇಳಿದಿದ್ದಳು. ಯುದ್ಧ ಹತ್ತಿದ ಮೇಲೆ ಕಾರಖಾನೆಗಳಿಂದ ವಾಯುದಳಕ್ಕೆ ವಿಮಾನಗಳನ್ನು ಮುಟ್ಟಿಸುವ ಸಂಘದಲ್ಲಿ ಸೇರಿದಳು. ಆ ಸಂಘದ ಕೆಲವು ಹೆಂಗಸರು ನಾಲ್ಕು ಇಂಜಿನಿನ ದೊಡ್ಡ ಬಾಂಬರುಗಳನ್ನೂ ನಡಿಸಿದರು. ೧೯೪೧ನೆಯ ಜನವರಿ ೫ರಂದು ತರಬೇತಿಯ ವಿಮಾನವೊಂದನ್ನು ಒಯ್ಯುತ್ತಿರುವಾಗ ಏಮಿ ಥೇಮ್ಸ್ ನದಿಯ ಮುಖದಲ್ಲಿ ಬಿದ್ದು ಮುಳುಗಿದಳು. ದೇಹ ದೊರೆಯಲೇ ಇಲ್ಲ.

ಈಗ ನಮ್ಮ ನಾಡಿನ ಕಡೆಗೆ ಬರೋಣ. ೧೯೪೦ನೆಯ ದಶಂಬರ ೨೩ರಂದು ವಾಲಚಂದ ಹಿರಾಚಂದರು ಮೈಸೂರು ಸರಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ ವಿಮಾನ ಕಾರಖಾನೆಯನ್ನು ಸ್ಥಾಪಿಸಿದರು. ೧೯೪೩ರಲ್ಲಿ ಅದರ ಆಡಳಿತವು ಅಮೇರಿಕೆಯ ವಾಯುಸೇನೆಯ ಕೈಗೆ ಹೋಯಿತು. ಬರ್ಮಾ ಮತ್ತು ಚೀನದ ರಣರಂಗಗಳಿಂದ ಬಂದ ಬಾಂಬರುಗಳನ್ನೂ ಸಾಮಾನಿನ ವಿಮಾನಗಳನ್ನೂ ನಮ್ಮ ಕೆಲಸಗಾರರು ಇಲ್ಲಿ ಬಿಚ್ಚಿ ಜೋಡಿಸಿ ಮತ್ತೆ ಹಾರುವಂತೆ ಮಾಡಿದರು. ಕೋಲಾರದ ವಿಮಾನನೆಲೆಯಲ್ಲಿ ಬ್ರಿಟಿಶ್ ವೈಮಾನಿಕರಿಗೆ ಲಿಬರೇಟರ್ ನಡಿಸುವ ತರಬೇತಿಯನ್ನು ಕೊಡುತ್ತಿದ್ದರು. ಅಲ್ಲಿ ಕಲಿತವರು ಬಂಗಾಲದ ನೆಲೆಗಳಿಗೆ ಹೋಗಿ, ಅಲ್ಲಿಂದ ರಂಗೂನು, ಬ್ಯಾಂಕಾಕು, ಸಯಾಮ ಬರ್ಮಾ ರೈಲುದಾರಿ ಇವುಗಳ ಮೇಲೆ ದಾಳಿಗೆ ಹಾರುತ್ತಿದ್ದರು. ೧೯೪೪ನೆಯ ಅಕ್ಟೋಬರದಲ್ಲಿ ಅವರ ಒಂದು ತಂಡವು ಪೆನಾಂಗ್ ಬಂದರದವರೆಗೆ ಹೋಗಿ ಬಂದಿತು. ಹೋಗಿ ಬರುವ ದಾರಿ ಮೂರು ಸಾವಿರ ಮೈಲಿಗೂ ಹೆಚ್ಚು, ಅದರಲ್ಲಿ ಬಹುಭಾಗ ಸಮುದ್ರ.

ಈ ಕಡೆ ಬಿದ್ದವರ ಗತಿಯು ಯುರೋಪದಲ್ಲಿ ಬಿದ್ದವರ ಗತಿಗಿಂತ ಕಠೋರವಾಗಿತ್ತು. ಅಡವಿಯಲ್ಲಿ ಬಿದ್ದರೆ ಹುಡುಕುವವರಿಲ್ಲ. ಜಪಾನೀಯರ ಕೈಗೆ ಬಿದ್ದರೆ ಬಾಂಬರಿನವರನ್ನು ಅವರು ಯುದ್ಧಕೈದಿಗಳೆಂದು ಎಣಿಸದೆ ಅಪರಾಧಿಗಳಂತೆ ನಡಿಸಿಕೊಳ್ಳುತ್ತಿದ್ದರು. ೧೯೪೫ನೆಯ ಜನವರಿ ೩೧ರಂದು ಬಂಗಾಲದಿಂದ ಹೋದ ಒಂದು ಲಿಬರೇಟರ್ ಬರ್ಮಾದಲ್ಲಿ ಬಿದ್ದಿತು. ಅದರ ವಾಯರ್ಲೆಸ್ಸಿನವನಾದ ಸ್ಟ್ಯಾನ್ಲಿ ಜೇಮ್ಸ್ ವುಡ್‌ಬ್ರಿಜ್ ಎಂಬವನು ಸಂಗಡಿಗರೊಂದಿಗೆ ಸೆರೆಸಿಕ್ಕನು. ಗುಪ್ತಲಿಪಿಯ ಗುಟ್ಟನ್ನು ಹೇಳೆಂದು ಅವನನ್ನು ಬಹುವಾಗಿ ಹಿಂಸಿಸಿದರು, ಅವನು ಹೇಳಲಿಲ್ಲ. ಫೆಬ್ರುವರಿ ೭ರಂದು ಅವನ ಶಿರಚ್ಛೇದವಾಯಿತು. ಯುದ್ಧಾನಂತರ ನಡೆದ ವಿಚಾರಣೆಯಲ್ಲಿಯೇ ಇದೆಲ್ಲವೂ ಹೊರಬಿದ್ದಿತು. ೧೯೪೮ರಲ್ಲಿ ಅವನಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವನ್ನು ಸಲ್ಲಿಸಲಾಯಿತು. ಆ ವಿಚಾರಣೆ ನಡೆಯದಿದ್ದರೆ ಅವನ ಮನೆಯವರಿಗೆ ಅವನ ಧೈರ್ಯವೂ ತಿಳಿಯುತ್ತಿರಲಿಲ್ಲ.

ರಂಗೂನಿನ ಸೆರೆಮನೆಯಲ್ಲಿದ್ದ ವೈಮಾನಿಕರು ಬಿಡುಗಡೆಯಾದ ರೀತಿಯು ವಿಚಿತ್ರವಾದದ್ದು. ೧೯೪೫ನೆಯ ಏಪ್ರಿಲ್ ಕೊನೆಯಲ್ಲಿ ಜಪಾನೀ ಕಾವಲುಗಾರರು ಸದ್ದಿಲ್ಲದೆ ಊರು ಬಿಟ್ಟರು. ಮೇಲೆ ಹಾರುವ ತಮ್ಮವರು ಇದನ್ನು ತಿಳಿಯದೆ ಬಾಂಬು ಹಾಕಿಯಾರೆಂಬ ಭಯದಿಂದ ಕೈದಿಗಳು ಸೆರೆಮನೆಯ ಮಾಳಿಗೆಯ ಮೇಲೆ, ಜಪಾನೀಯರು ಹೊರಟುಹೋದರೆಂದು ದೊಡ್ಡ ಅಕ್ಷರಗಳಲ್ಲಿ ಬರೆದರು. ಮೇ ೨ರಂದು ಬ್ರಿಟಿಶ್ ವಿಮಾನವೊಂದು ರಂಗೂನಿನ ವಿಮಾನನೆಲೆಯಲ್ಲಿ ಇಳಿಯಿತು. ಅದರ ಅಧಿಕಾರಿಯು ಊರೊಳಗೆ ನಡೆದುಹೋಗಿ ಕೈದಿಗಳನ್ನು ಕಂಡನು.

ಯುದ್ಧ ಮುಗಿದಾಗ ಬ್ರಿಟಿಶ್ ವಾಯುದಳದ ಪಟ್ಟಿಯಲ್ಲಿ ಪತ್ತೆಯಿಲ್ಲದವರು ಸುಮಾರು ೪೨,೦೦೦. ಇವರನ್ನು ಹುಡುಕಲು ಒಂದು ಶೋಧಕ ಪಡೆಯನ್ನೇ ನೇಮಿಸಿದರು. ಆ ಪಡೆಯವರು ಹಳ್ಳಿಹಳ್ಳಿಗೆ ಹೋಗಿ, ಯಾವ ರಾತ್ರಿ ವಿಮಾನ ಬಿದ್ದಿತು, ಯಾರು ಹೂಳಿದರು ಎಂದು ಗೌಡರನ್ನೂ ಪಾದ್ರಿಗಳನ್ನೂ ಒಕ್ಕಲಿಗರನ್ನೂ ಕೇಳಿದರು. ಇಂಜಿನಿನ ಮೇಲಿನ ನಂಬರು, ಉಂಗುರ, ಹಲ್ಲುಗಳ ದಾಖಲೆ, ಅಂಗಿಯ ಕಾಲರಿಗೆ ಅಗಸನು ಹಾಕಿದ ಗುರುತು, ಇಂಥ ಚಿಕ್ಕ ಚಿಕ್ಕ ಸಂಗತಿಗಳಿಂದ ಹೆಸರುಗಳನ್ನು ಕಂಡುಹಿಡಿದರು. ಹೀಗೆ ಅರ್ಧಕ್ಕಿಂತ ಹೆಚ್ಚು ಜನರ ಸಮಾಧಿಗಳು ಪತ್ತೆಯಾದವು. ಸಮಾಧಿಯೇ ಇಲ್ಲದವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯಿಸಿದರು. ಇಂಗ್ಲಂಡದ ರನ್ನಿಮೀಡಿನಲ್ಲಿ ೧೯೫೩ರಲ್ಲಿ ತೆರೆದ ಸ್ಮಾರಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಏಮಿ ಜಾನ್ಸನಳ ಹೆಸರು ಅಲ್ಲಿದೆ. ದಕ್ಷಿಣ ಮತ್ತು ಪೂರ್ವ ಏಶಿಯಾದ ಮೇಲೆ ಹಾರಿ ಕಾಣೆಯಾದವರ ಹೆಸರುಗಳು ಸಿಂಗಾಪುರದ ಸ್ಮಾರಕದಲ್ಲಿವೆ. ಕೊಹಿಮಾದಲ್ಲಿ, ದಹನಸಂಸ್ಕಾರ ಹೊಂದಿದ ೯೧೭ ಹಿಂದೂ ಮತ್ತು ಸಿಖ್ಖ ಯೋಧರ ಹೆಸರುಗಳನ್ನು ಬರೆದಿದ್ದಾರೆ. ನಮಗೆ ಸಮೀಪವಾದ ಪುಣೆಯ ಖಡಕಿಯಲ್ಲಿಯೂ ಯುದ್ಧದ ಸಮಾಧಿಸ್ಥಾನವೊಂದಿದೆ; ಅತ್ತ ಹೋಗುವವರು ಒಂದು ತಾಸು ಬಿಡುವುಮಾಡಿಕೊಂಡು ಮಕ್ಕಳಿಗೆ ತೋರಿಸಬೇಕು.

ಶೋಧವು ಅಲ್ಲಿಗೇ ಮುಗಿಯಲಿಲ್ಲ. ೧೯೪೪ನೆಯ ಜನವರಿ ೨೫ರಂದು ಅಮೇರಿಕೆಯ ಒಂದು ಲಿಬರೇಟರ್ ಎಂಟು ಜನರೊಡನೆ ಚೀನದಿಂದ ಅಸ್ಸಾಮಿಗೆ ಬರುವಾಗ ಕಾಣೆಯಾಯಿತು. ಅದರ ಅವಶೇಷವು ಅರುಣಾಚಲದ ಬೆಟ್ಟಗಳಲ್ಲಿ ದೊರೆತದ್ದು ೨೦೦೬ರಲ್ಲಿ. ಅಲ್ಲಿಯ ಬೇಟೆಗಾರರಿಗೆ ಆ ಸ್ಥಳವು ಗೊತ್ತಿದ್ದಿತು, ಕೇಳುವವರು ಬಂದಿರಲಿಲ್ಲ. ದೊರೆತ ಅಸ್ಥಿಗಳನ್ನು ೨೦೧೬ರಲ್ಲಿ ದಿಲ್ಲಿಯಿಂದ ಗೌರವಪೂರ್ವಕವಾಗಿ ಕಳಿಸಿಕೊಟ್ಟರು. ಅವು ರಾಬರ್ಟ್ ಯೂಜೀನ್ ಆಕ್ಸ್‌ಫರ್ಡ್ ಎಂಬ ತರುಣ ಅಧಿಕಾರಿಯವೆಂದು ತಿಳಿದು, ೨೦೧೭ರಲ್ಲಿ, ಅಂದರೆ ಎಪ್ಪತ್ತಮೂರು ವರುಷಗಳ ಮೇಲೆ, ಜಾರ್ಜಿಯಾ ಪ್ರಾಂತದ ಅವನ ಸ್ವಂತ ಊರಿನಲ್ಲಿ ಮಣ್ಣುಮಾಡಿದರು. ಅಷ್ಟರಲ್ಲಿ ಅವನ ತಾಯಿತಂದೆಗಳು ಎಂದೋ ತೀರಿಹೋಗಿದ್ದರು.

ಬೆಂಗಳೂರಿನ ಕಾರಖಾನೆಗೂ ಈ ಲಿಬರೇಟರುಗಳಿಗೂ ಸಂಬಂಧವು ಯುದ್ಧದೊಡನೆ ಮುಗಿಯಲಿಲ್ಲ. ಬ್ರಿಟಿಶರು ಕಾನಪುರದಲ್ಲಿ ಹಾಳುಗೆಡವಿ ಬಿಟ್ಟುಹೋದ ಇಂಥ ವಿಮಾನಗಳನ್ನು ಸ್ವತಂತ್ರ ಭಾರತವು ಮತ್ತೆ ಬಳಸಲು ನಿಶ್ಚಯಿಸಿತು. ಕಾರಖಾನೆಯ ಮುಖ್ಯ ಪರೀಕ್ಷಾ ಚಾಲಕರಾದ ಜಂಶೇದ ಕೈಕೋಬಾದ ಮುನ್ಶಿಯವರು ಅಲ್ಲಲ್ಲಿ ಕೊಂಚ ದುರಸ್ತಿ ಮಾಡಿದ ಆ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿತಂದರು. ಸುಮಾರು ನಾಲ್ವತ್ತು ವಿಮಾನಗಳು ಹೀಗೆ ಜೀರ್ಣೋದ್ಧಾರವಾಗಿ, ೧೯೪೮ರಲ್ಲಿ ನಮ್ಮ ವಾಯುಸೇನೆಯ ಪ್ರಥಮ ದೊಡ್ಡ ಬಾಂಬರು ದಳವಾದವು, ೧೯೬೮ರವರೆಗೂ ಹಾರಿದವು.

ಮುಂದೆ ನಮ್ಮ ಕನ್ನಡನಾಡಿನ ಮನೆಗಳಿಗೂ ಪತ್ತೆಯಿಲ್ಲವೆಂಬ ಸುದ್ದಿಯು ಬಂದಿತು. ೧೯೬೫ನೆಯ ಸೆಪ್ಟೆಂಬರ ೭ರಂದು ನಮ್ಮ ವಾಯುಸೇನೆಯು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ದಾಳಿಮಾಡಿತು. ಹೋದವು ಮಿಸ್ಟೇರ್ ಎಂಬ ಚಿಕ್ಕ ವಿಮಾನಗಳು. ನೆಲದ ಗುರಿಯ ಮೇಲೆ ಎರಗುವಂಥವು, ಒಬ್ಬನೇ ಚಾಲಕ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಬದಲಿಯ ಚಾಲಕರಾಗಿದ್ದು, ತಂಡದಲ್ಲಿ ಒಂದು ವಿಮಾನ ಕಡಿಮೆಯಾದಾಗ ಸೇರಿಕೊಂಡು ಹೋದರು, ಹಿಂತಿರುಗಲಿಲ್ಲ. ಹಲವು ವರುಷಗಳ ಕಾಲ ಅವರು ಪತ್ತೆಯಿಲ್ಲದವರೇ ಆಗಿದ್ದರು. ೧೯೭೯ರಲ್ಲಿ ಹೊರಬಂದ ಇಂಗ್ಲಿಷ್ ಲೇಖಕನೊಬ್ಬನ ಪುಸ್ತಕದಿಂದ, ಆ ದಿನ ಪಾಕಿಸ್ತಾನದ ಅತಿವೇಗದ ಸ್ಟಾರ್‌ಫೈಟರ್ ವಿಮಾನವೊಂದು ಒಂದು ಮಿಸ್ಟೇರಿನೊಡನೆ ಕಾದಾಡಿ ಬಿದ್ದಿತೆಂಬುದು ತಿಳಿಯಿತು. ಉಳಿದವರೆಲ್ಲರ ಲೆಕ್ಕ ಸಿಕ್ಕಿದ್ದುದರಿಂದ ಆ ಮಿಸ್ಟೇರ್ ದೇವಯ್ಯನವರದೇ ಎಂದು ನಿಶ್ಚಯವಾಯಿತು. ೧೯೮೮ರಲ್ಲಿ, ಇಪ್ಪತ್ತಮೂರು ವರುಷಗಳ ಮೇಲೆ, ಅವರಿಗೆ ಮಹಾವೀರ ಚಕ್ರವನ್ನು ಸಲ್ಲಿಸಲಾಯಿತು. ಅದನ್ನು ಸ್ವೀಕರಿಸಿದವರು ಅವರ ಪತ್ನಿ.

ಅದೇ ಯುದ್ಧದಲ್ಲಿ ಸೆಪ್ಟೆಂಬರ ೨೨ರಂದು ಕೊಡಗಿನವರೇ ಆದ ಕೆ. ಸಿ. ಕಾರ್ಯಪ್ಪನವರ ವಿಮಾನವೂ ಬಿದ್ದಿತು. ಅವರು ಧುಮುಕಿ ಬದುಕಿದರು, ಬೆನ್ನಿಗೆ ಪೆಟ್ಟುಬಿದ್ದು ಸೆರೆಯಾದರು. ಅವರ ತಂದೆ ನಿವೃತ್ತ ಸೇನಾಪತಿ ಕೆ. ಎಂ. ಕಾರ್ಯಪ್ಪನವರು, ಪಾಕಿಸ್ತಾನದ ಅಧ್ಯಕ್ಷ ಆಯೂಬಖಾನರು ಅವರನ್ನು ಹಿಂದಿನಿಂದ ಬಲ್ಲವರು. ಮಗನಿಗೆ ವಿಶೇಷ ಸೌಕರ್ಯ ಕೊಡುವೆವೆಂದು ಹೇಳಿಕಳಿಸಿದಾಗ ಆ ತಂದೆಯು, ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ, ಒಬ್ಬನಿಗೆ ಮಾಡುವದನ್ನು ಎಲ್ಲರಿಗೂ ಮಾಡಿರೆಂದು ಉತ್ತರಿಸಿದರೆಂದು ಪ್ರಸಿದ್ಧವಾಗಿದೆ. ಮಗನು ೧೯೬೬ರಲ್ಲಿ ಮನೆಗೆ ಬಂದನು. ಒಂದೇ ತಿಂಗಳು, ಒಂದೇ ಜಿಲ್ಲೆ. ಒಂದು ಮನೆಗೆ ಮಗನು ಬಂದನು, ಇನ್ನೊಂದು ಮನೆಗೆ ಇಪ್ಪತ್ತಮೂರು ವರುಷಗಳ ಮೇಲೆ ಒಂದು ಪದಕವು ಬಂದಿತು.

ವೈಮಾನಿಕರ ಗತಿಯನ್ನು ಹೇಳುವಾಗ ಬಾಂಬುಗಳ ಕೆಳಗೆ ಇದ್ದವರನ್ನು ಮರೆಯುವದು ನ್ಯಾಯವಲ್ಲ. ೧೯೪೩ನೆಯ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರವೊಂದರಲ್ಲಿಯೇ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಸುಟ್ಟು ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಬಹಳ. ನಮ್ಮ ವಿಶಾಖಪಟ್ಟಣ, ಕಾಕಿನಾಡ, ಕಲಕತ್ತೆಗಳ ಮೇಲೆಯೂ ೧೯೪೨ರಲ್ಲಿ ಜಪಾನೀಯರ ಬಾಂಬುಗಳು ಬಿದ್ದವು. ಮೇಲಿನವನ ತಾಯಿಯೂ ಕೆಳಗಿನವಳ ಮಗುವೂ ಒಂದೇ ಯುದ್ಧದ ಲೆಕ್ಕದಲ್ಲಿ ಸೇರಿರುವರೆಂದು ಮಕ್ಕಳಿಗೆ ಕಲಿಸಬೇಕು.

ಸತ್ತವರ ಹೆಸರನ್ನು ಬರೆದಿಡುವ ಪದ್ಧತಿಯು ನಮಗೆ ಹೊಸದಲ್ಲ. ಬಾದಾಮಿಯಲ್ಲಿಯೂ ಹುನಗುಂದ ತಾಲೂಕಿನ ಐಹೊಳೆಯಲ್ಲಿಯೂ ವೀರಗಲ್ಲುಗಳನ್ನು ನೀವೆಲ್ಲರೂ ನೋಡಿರುವಿರಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವದು, ಮೇಲೆ ಲಿಂಗದ ಸನ್ನಿಧಿ. ಅನೇಕ ಕಲ್ಲುಗಳ ಮೇಲೆ ಯಾರು, ಯಾವ ಊರು, ಯಾತಕ್ಕಾಗಿ ಮಡಿದನೆಂದು ಬರೆದಿರುತ್ತದೆ. ದನ ಬಿಡಿಸಹೋಗಿ ಸತ್ತ ಸಾಮಾನ್ಯನಿಗೂ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಅವನ ಗತಿಯು ಮನೆಯವರಿಗೂ ಮುಂದಿನವರಿಗೂ ತಿಳಿದಿರಬೇಕೆಂಬದೇ ಅದರ ತಾತ್ಪರ್ಯ.

ಈ ತಾತ್ಪರ್ಯವನ್ನು ನಮ್ಮ ಮನೆಗಳಲ್ಲಿ ನಡಿಸುವದು ಸಾಧ್ಯವಿದೆ. ನಿಮ್ಮ ಮನೆತನದಲ್ಲಿ ಅಜ್ಜನೋ ದೊಡ್ಡಪ್ಪನೋ ಸೋದರಮಾವನೋ ಸೈನ್ಯದಲ್ಲಿದ್ದರೆ ಅವರ ಹೆಸರು, ಊರು, ನಂಬರು, ಪಲ್ಟಣ, ಹೋದ ವರುಷ, ಬಂದ ವರುಷ, ಬಾರದಿದ್ದರೆ ಕೊನೆಯ ಪತ್ರದ ತಾರೀಖು, ಇವಿಷ್ಟನ್ನು ಒಂದು ವಹಿಯಲ್ಲಿ ಬರೆದಿಡಿರಿ. ಟ್ರಂಕಿನ ತಳದಲ್ಲಿರುವ ಡಿಸ್ಚಾರ್ಜ್ ಸರ್ಟಿಫಿಕೇಟನ್ನೂ ಪತ್ರಗಳನ್ನೂ ರದ್ದಿಗೆ ಹಾಕಬೇಡಿರಿ. ಎರಡು ಮಹಾಯುದ್ಧಗಳಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದವರು, ಅಧಿಕಾರಿ ಸಿಪಾಯಿ ಎಂಬ ಭೇದವಿಲ್ಲದೆ, ಯಾರು ಬೇಕಾದರೂ ಹಣವಿಲ್ಲದೆ ಹುಡುಕುವಂತೆ ಇಟ್ಟಿದ್ದಾರೆ. ನಮ್ಮ ಹೆಸರುಗಳು ಇಂಗ್ಲಿಷಿನಲ್ಲಿ ಹಲವು ರೀತಿಯಾಗಿ ಬರೆಯಲ್ಪಟ್ಟಿರುವದರಿಂದ ಎರಡು ಮೂರು ಕಾಗುಣಿತಗಳಿಂದ ಹುಡುಕಬೇಕು. ಮನೆಯಲ್ಲಿ ಓದುಬಲ್ಲ ಹೆಣ್ಣುಮಗಳಿದ್ದರೆ ಈ ಕೆಲಸವನ್ನು ಅವಳಿಗೆ ಒಪ್ಪಿಸಿರಿ. ಮುದುಕಿಯರು ಇನ್ನೂ ಇರುವಾಗಲೇ ಅವರ ಹತ್ತಿರ ಕುಳಿತು ಕೇಳಿ ಬರೆದುಕೊಳ್ಳುವದು ಉತ್ತಮ. ಹೆಸರುಗಳನ್ನು ನೆನಪಿಟ್ಟವರು ಅವರೇ.